ದುಡ್ಡು ಕೊಟ್ಟು ನೀರು ಹೊರೋದಾ?

ಫಿನ್‌ಲ್ಯಾಂಡಿನಲ್ಲಿ ಬೇಸಿಗೆ ರಜೆ ಅಂದರೆ ಮೊಕ್ಕಿ. ಸರೋವರದ ದಡದಲ್ಲಿ, ಕಾಡಿನ ನಡುವೆ ಒಂದು ಮರದ ಮನೆ. ಸುಮಾರು 56 ಲಕ್ಷ ಜನರ ದೇಶದಲ್ಲಿ ಇಂಥವು 5 ಲಕ್ಷಕ್ಕೂ ಹೆಚ್ಚಿವೆ. ಸರೋವರಗಳೋ, ಚಿಕ್ಕವೂ ಸೇರಿ 1,88,000 ಇವೆಯಂತೆ, ಜಾಗಕ್ಕೆ ಬರವಿಲ್ಲ. ಹಾಗಾಗಿ ಇದು ಬರೀ ಶ್ರೀಮಂತರ ಶೋಕಿ ಅಲ್ಲ. ಆಫೀಸಿನಲ್ಲಿ ಪಕ್ಕ ಕೂರುವವರಿಗೂ ಅಜ್ಜ ಕಟ್ಟಿದ ಒಂದು ಮೊಕ್ಕಿ ಇರುತ್ತದೆ. ಇಲ್ಲದ ನಮ್ಮಂಥವರು ಬಾಡಿಗೆಗೆ ಹಿಡಿಯುತ್ತೇವೆ.

ಈ ಜುಲೈನಲ್ಲಿ ಊರಿಂದ ಅತ್ತೆ ಮಾವ ಬಂದಿದ್ದರು. ಸೈಮಾ ಸರೋವರದ ಕಡೆ ಒಂದು ಹಳೇ ಮೊಕ್ಕಿ ಹಿಡಿದೆವು. ನಲ್ಲಿ ಇಲ್ಲ. ಕರೆಂಟ್ ಅಂದರೆ ಸೂರಿನ ಮೇಲೊಂದು ಸೋಲಾರ್ ಪ್ಲೇಟ್, ಮೊಬೈಲ್ ಚಾರ್ಜಿಗೆ ಸಾಕು. ಕಕ್ಕಸು ಹೊರಗೆ. ಹಾಸೋದು ಹೊದೆಯೋದು ನಾವೇ ತರಬೇಕು, ಬಿಡುವಾಗ ಗುಡಿಸಿ ಒರೆಸಿ ಹೋಗಬೇಕು. ಇದನ್ನೆಲ್ಲ ಕೇಳಿ ಅತ್ತೆ, "ಇಷ್ಟು ದುಡ್ಡು ಕೊಟ್ಟು ನೀರು ಹೊರೋದಾ? ಇದು ತಪ್ಪಲಿ ಅಂತ ತಾನೇ ನಾವು ಬೋರ್ ಹಾಕಿಸಿದ್ದು?" ಅಂದರು.

ಪ್ರಶ್ನೆ ಸರಿಯಾಗೇ ಇದೆ. "ವೈಫೈ ಇಲ್ಲ, ನೆಮ್ಮದಿ ಇದೆ" ಅಂತ ಸರೋವರದ ಫೋಟೋ ಹಾಕುತ್ತಾರಲ್ಲ, ಅವರನ್ನು ನಾನು ಕೇಳಬೇಕು ಅಂದುಕೊಳ್ಳೋದು ಒಂದೇ: ಅಲ್ಲಿ ಅಡುಗೆ ಮಾಡಿದ್ದು ಯಾರು? ಪಾತ್ರೆ ತೊಳೆದಿದ್ದು ಯಾರು? ಸೌಕರ್ಯ ಇಲ್ಲದ ಕಡೆ ಹೋದರೆ ಮನೆಯ ಹೆಂಗಸಿಗೆ ಒಲೆ ಬದಲಾಗುತ್ತದೆ, ಕೆಲಸ ಜಾಸ್ತಿಯಾಗುತ್ತದೆ, ಅಷ್ಟೇ. ಗಂಡಸರು ದಡದಲ್ಲಿ ಕಾಲು ಇಳಿಬಿಟ್ಟು "ಒಂದು ಟೀ ಸಿಗುತ್ತಾ" ಅನ್ನೋದಾದರೆ ನನಗೆ ಬಫೆ ಊಟದ ರೆಸಾರ್ಟೇ ವಾಸಿ.

ಅದಕ್ಕೇ ಮೊದಲ ಸಂಜೆಯೇ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ನೀರು ಮಾವ ಮತ್ತು ಮಗನದ್ದು. ತಿಂಡಿ ಒಂದು ದಿನ ನನ್ನದು, ಒಂದು ದಿನ ಗಂಡನದ್ದು. ಪಾತ್ರೆ ತೊಳೆಯೋದು, ಸೌನಾ ಅನ್ನೋ ಬಿಸಿ ಹಬೆಯ ಕೋಣೆ ಕಾಯಿಸೋದು, ಎರಡೂ ಗಂಡನ ಪಾಲಿಗೆ. ಅತ್ತೆಯ ಹೆಸರಿನ ಮುಂದೆ ಏನೂ ಬರೆಯಲಿಲ್ಲ. ಅವರಿಗೆ ಅದೇ ಕಸಿವಿಸಿ. "ನಾನೇನು ಸುಮ್ನೆ ಕೂರಲಾ?" ಅಂತ ಕೇಳಿದರು. ಕೂರಿ ಅತ್ತೆ, ಅಂದೆ.

ಸೌನಾ ಅಂದರೆ ಬರೀ ಬೆವರೋ ಕೋಣೆ ಅಲ್ಲ, ಮೊಕ್ಕಿಯಲ್ಲಿ ಸ್ನಾನದ ಮನೆಯೂ ಅದೇ. ಬರ್ಚ್ ಮರದ ಸೀಳು ಜೋಡಿಸಿ, ಅದರ ಬಿಳಿ ತೊಗಟೆ ಸುಲಿದು ಕಡ್ಡಿ ಗೀರಿದರೆ ಸಾಕು, ಚಟಪಟ ಅಂತ ಹೊತ್ತಿಕೊಳ್ಳುತ್ತದೆ. ಒಲೆಯ ಮೇಲೆ ಪೇರಿಸಿದ ಕಲ್ಲು ಕಾಯೋಕೆ ಗಂಟೆಯಾದರೂ ಬೇಕು. ಒಲೆಯ ಪಕ್ಕದ ತೊಟ್ಟಿಯಲ್ಲಿ ನೀರು ಕಾಯುತ್ತದೆ, ಮೈಗೂ ಅದೇ, ಪಾತ್ರೆಗೂ ಅದೇ. ಮಾವ ಬಗ್ಗಿ ನೋಡಿ, "ಇದು ನಮ್ಮ ಬಚ್ಚಲ ಹಂಡೆ ಒಲೆ ಅಲ್ವೇನೋ!" ಅಂದರು. 2020ರಲ್ಲಿ ಯುನೆಸ್ಕೋ ಫಿನ್ನಿಶ್ ಸೌನಾ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು ಅಂತ ಹೇಳಿದೆ. "ನಮ್ಮ ಹಂಡೆಗೆ ಯಾರೂ ಬರಲಿಲ್ಲ" ಅಂತ ಮಾವ. ಅತ್ತೆ ನಗಲಿಲ್ಲ. ಆ ಒಲೆಯ ಹೊಗೆ ಕುಡಿದದ್ದು ಅವರು. ಗೀಸರ್ ಬಂದ ದಿನವನ್ನು ಅವರು ಈಗಲೂ ಹಬ್ಬದ ಥರ ನೆನೆಯುತ್ತಾರೆ. ಹಳೇ ಕಾಲ ಚೆಂದ ಅನ್ನೋರು ಮೊದಲು ಅವರ ಹತ್ತಿರ ಮಾತಾಡಲಿ.

ಅತ್ತೆಗೆ ಕೊನೆಗೆ ಕೆಲಸ ಸಿಕ್ಕಿದ್ದು ಕಾಡಿನಲ್ಲಿ. ಇಲ್ಲಿ ಯಾರದೇ ಕಾಡಿರಲಿ, ಹಣ್ಣು ಕೀಳಬಹುದು. ಜನರ ಮನೆಯಂಗಳಕ್ಕೆ ನುಗ್ಗಬಾರದು, ಕೇಳದೆ ಬೆಂಕಿ ಹಾಕಬಾರದು, ಅಷ್ಟೇ. "ಯಾರಾದರೂ ಬೈತಾರೆ ಕಣೆ" ಅಂತಲೇ ಹೋದವರು ಡಬ್ಬಿ ತುಂಬ ಬ್ಲೂಬೆರಿ ತಂದರು. ಬೆರಳೆಲ್ಲ ನೇರಳೆ. ಬೆಲ್ಲ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದರು. ಚೀಟಿಯಲ್ಲಿ ಇರಲಿಲ್ಲ, ಆದರೂ ತಡೆಯೋಕೆ ಮನಸ್ಸಾಗಲಿಲ್ಲ, ಅಷ್ಟು ರುಚಿ.

ನೋಡೋಕೆ ಏನಿದೆ ಅಂತ ಕೇಳೋರಿಗೆ: ಏನೂ ಇಲ್ಲ. ಸೈಮಾದಲ್ಲಿ ಮಾತ್ರ ಬದುಕುವ ಒಂದು ಬಗೆಯ ಸೀಲ್ ಪ್ರಾಣಿ ಇದೆ, ಇರೋದೇ ಐನೂರರ ಆಸುಪಾಸು, ನಮಗೆ ಕಾಣಲಿಲ್ಲ. ಸೊಳ್ಳೆ ಬೇಕಾದಷ್ಟಿವೆ.

ಮುಂದಿನ ವರ್ಷ ಕರೆಂಟ್, ನಲ್ಲಿ ಇರೋದನ್ನೇ ಹಿಡಿಯೋಣ ಅಂತ ಗಂಡನ ವರಾತ ಶುರುವಾಗಿದೆ. ನನ್ನದೇನೂ ತಕರಾರಿಲ್ಲ. ಹುಡುಕಿದ್ದೂ ಆಗಿದೆ, ಎಲ್ಲದರಲ್ಲೂ ಡಿಶ್‌ವಾಷರ್ ಇದೆ.