ಮಂಗಗಳಿಗೆ ಕಾಯಿಲೆಯೇ ಬರುವುದಿಲ್ಲವೇ?

ಮಂಗ ಬೆಳಗಾಗುತ್ತಲೇ ಹೊಟ್ಟೆ ತುಂಬ ತಿನ್ನುತ್ತದೆ, ಹಾಗಾಗಿ ಅದಕ್ಕೆ ರೋಗವೇ ಬರುವುದಿಲ್ಲ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವವರಿಗೆ ನಮ್ಮ ಆರೋಗ್ಯದ ಕಾಳಜಿ ಇದೆ, ನಿಜ. ಆದರೆ ವಿಷಯ ಸರಿಯಿಲ್ಲ.

ಚಿಕ್ಕಮಗಳೂರಿನವರು ಸಾಕ್ಷಿಗೆ ದೂರ ಹೋಗಬೇಕಿಲ್ಲ. ಕೊಪ್ಪ, ಎನ್.ಆರ್.ಪುರದ ಕಡೆ ಮಂಗನ ಕಾಯಿಲೆಯ ಹೆಸರು ಕೇಳದವರು ಯಾರಿದ್ದಾರೆ? 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗಲೇ ಅದು ಪತ್ತೆಯಾಯಿತು. ಉಣುಗು ಕಚ್ಚುವುದರಿಂದ ಈ ವೈರಸ್ ಹರಡುತ್ತದೆ. ಕೋತಿ, ಮುಸುವ ಎರಡೂ ಇದರಿಂದ ಸಾಯುತ್ತವೆ. ಅಂದ ಹಾಗೆ, ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಆರೋಗ್ಯ ಇಲಾಖೆ ಇಲ್ಲವೇ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಆಫ್ರಿಕಾದ ಟಾಂಜಾನಿಯಾದಲ್ಲಿ ಗೊಂಬೆ ಎಂಬ ಹೆಸರಿನ ಕಾಡಿನಲ್ಲಿ 1960ರಿಂದ ಸಂಶೋಧಕರು ಮಂಗಗಳ ಹತ್ತಿರದ ಬಂಧುಗಳಾದ ಚಿಂಪಾಂಜಿಗಳನ್ನು ಒಂದೊಂದಾಗಿ ಗುರುತು ಹಿಡಿದು, ಹೆಸರಿಟ್ಟು ಗಮನಿಸುತ್ತಾ ಬಂದಿದ್ದಾರೆ. ಎಂಥ ತಾಳ್ಮೆಯ ಕೆಲಸ ಅದು! ಅಲ್ಲಿ 1966ರಲ್ಲಿ ಪೋಲಿಯೋದಂಥ ರೋಗ ಬಂದು ಕೆಲವು ಸತ್ತವು, ಕೆಲವಕ್ಕೆ ಕೈಕಾಲು ಸ್ವಾಧೀನ ತಪ್ಪಿತು. ಉಸಿರಾಟದ ಕಾಯಿಲೆಗಳೂ ಚಿಂಪಾಂಜಿಗಳನ್ನು ಕೊಂದಿವೆ. ಸಾಕಿದ ಕೋತಿಗಳಲ್ಲಿ ಸಕ್ಕರೆ ಕಾಯಿಲೆಯೂ ಕಂಡುಬಂದಿದೆ. ಬೆಳಗಿನ ತಿಂಡಿ ಒಳ್ಳೆಯದೇ, ಅದಕ್ಕೆ ಮಂಗನ ಸಾಕ್ಷಿ ಬೇಕಿಲ್ಲ ಅಲ್ವಾ?

ಇಂಥ ಸಂದೇಶ ಬಂದರೆ ಮೊದಲು ನೋಡಬೇಕಾದ್ದು ಹೆಸರನ್ನು. "ಒಬ್ಬ ಪ್ರೊಫೆಸರ್ ಪ್ರಯೋಗ ಮಾಡಿದರು" ಅಂತ ಇದ್ದರೆ, ಯಾರು, ಎಲ್ಲಿ, ಯಾವ ವರ್ಷ ಅಂತ ಹುಡುಕಿ. ಸಿಗದಿದ್ದರೆ ಮುಂದೆ ಕಳಿಸಬೇಡಿ. "ಬರುವುದೇ ಇಲ್ಲ" ಎಂಬಂಥ ಮಾತಿಗೆ ಒಂದೇ ಒಂದು ವಿರುದ್ಧ ಉದಾಹರಣೆ ಸಾಕು. ನಿಮ್ಮೂರಿನ ಪಶುವೈದ್ಯರನ್ನು ಕೇಳಿದರೆ ಅದೂ ಸಿಗುತ್ತದೆ.