ಫಲಕದ ಮೇಲೆ ಯಾರ ಊರು?

ಅಮೆರಿಕದ ಮ್ಯಾಸಚೂಸೆಟ್ಸಿನ ಲೋವೆಲ್‌ಗೆ ಬಂದು ನೆಲೆಸಿದ ಈ ಹನ್ನೊಂದು ವರ್ಷಗಳಲ್ಲಿ ನಮ್ಮ ಶುಕ್ರವಾರದ ರಾತ್ರಿಯೂಟ ಹೆಚ್ಚಾಗಿ ಮನೆಯ ಹತ್ತಿರದ ಗ್ರೀಕ್ ಕುಟುಂಬವೊಂದರ ಪಿಜ್ಜಾ ಅಂಗಡಿಯಲ್ಲೇ ಆಗಿದೆ. ಇಟಲಿಯಲ್ಲಿ ಪಿಜ್ಜಾ ತಿಂದು ಬಂದ ಗೆಳೆಯರು ಇದನ್ನು ನಕಲಿಯೆಂದು ಮೂಗು ಮುರಿಯುತ್ತಾರೆ; ಅವರೇ ಊರಿಗೆ ಹೋದಾಗ ಗೋಬಿ ಮಂಚೂರಿಯನ್ನು ಯಾವ ತಕರಾರೂ ಇಲ್ಲದೆ ತಿನ್ನುತ್ತಾರೆ.

ನೇಪಲ್ಸಿನವರು ತಟ್ಟಿದ ಹಿಟ್ಟನ್ನು ನೇರವಾಗಿ ಕಾದ ಒಲೆಯ ನೆಲದ ಮೇಲೆ ಜಾರಿಸಿದರೆ, ಇಲ್ಲಿನ ಗ್ರೀಕರು ಎಣ್ಣೆ ಸವರಿದ ದುಂಡನೆಯ ತಟ್ಟೆಗಳಲ್ಲಿ ಅದನ್ನು ಹಿಂದಿನ ರಾತ್ರಿಯೇ ಹರಡಿ ಉಬ್ಬಲು ಬಿಡುತ್ತಾರೆ, ನಾವು ದೋಸೆಯ ಹಿಟ್ಟನ್ನು ಹುದುಗಲು ಬಿಡುವಂತೆ. ಮೊಜರೆಲ್ಲಾ ಚೀಸಿನ ಜೊತೆ ಚೆಡ್ಡರ್ ಚೀಸ್, ಸಾಸಿನಲ್ಲಿ ಧಾರಾಳವಾಗಿ ಒರೆಗಾನೊ ಎಂಬ ಘಮದ ಸೊಪ್ಪು. ಬೇಯುವಾಗ ತಳವು ಎಣ್ಣೆಯಲ್ಲಿ ಕರಿದಂತೆ ಗರಿಗರಿಯಾಗಿ, ಒಳಗೆ ಮೆತ್ತಗೆ ಉಳಿಯುತ್ತದೆ. ದಾವಣಗೆರೆಯ ಬೆಣ್ಣೆದೋಸೆ ಬಲ್ಲವರಿಗೆ ಈ ಸುಖವನ್ನು ಬಿಡಿಸಿ ಹೇಳಬೇಕಿಲ್ಲ.

ಈ ಪದ್ಧತಿ 1950ರ ದಶಕದಲ್ಲಿ ಕನೆಕ್ಟಿಕಟ್‌ನ ನ್ಯೂ ಲಂಡನ್‌ನಲ್ಲಿ ಶುರುವಾಗಿ, ನೆಂಟರಿಂದ ನೆಂಟರಿಗೆ ದಾಟುತ್ತ ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಊರೂರಿಗೂ ಹಬ್ಬಿತು. ನಮ್ಮ ಕರಾವಳಿಯ ಹುಡುಗರು ಮುಂಬಯಿಯಲ್ಲಿ ಲೋಟ ತೊಳೆದು, ಮಾಣಿಯಾಗಿ, ಕೊನೆಗೊಮ್ಮೆ ಗಲ್ಲಾದಲ್ಲಿ ಕುಳಿತ ಕಥೆಯೂ ಇದೇ. ಆದರೆ ಒಂದು ವ್ಯತ್ಯಾಸ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ನಮ್ಮವರು ಎಲ್ಲಿಗೆ ಹೋದರೂ ಫಲಕದ ಮೇಲೆ ಉಡುಪಿಯನ್ನೇ ಬರೆಸಿದರು. ಗ್ರೀಕರು ಬಿಟ್ಟು ಬಂದ ಊರನ್ನು ಕೈಬಿಟ್ಟು, ಬಂದಿಳಿದ ಊರಿನ ಹೆಸರಿಗೆ ‘ಹೌಸ್ ಆಫ್ ಪಿಜ್ಜಾ’ ಎಂದು ಸೇರಿಸಿದರು. ಮೊದಲು ಇದು ನನಗೆ ಅಭಿಮಾನದ ಕೊರತೆಯಾಗಿ ಕಂಡಿತ್ತು. ಈಗ ಹಾಗನ್ನಿಸುವುದಿಲ್ಲ. ಅವರ ಭಾಷೆ ಅಡುಗೆಮನೆಯಲ್ಲಿ ಜೋರಾಗಿಯೇ ಇದೆ, ಈಸ್ಟರ್‌ಗೆ ಅಂಗಡಿ ಮುಚ್ಚುವುದೂ ಅವರ ಚರ್ಚಿನ ಪಂಚಾಂಗದಂತೆಯೇ. ಫಲಕವನ್ನಷ್ಟೇ ಅವರು ಗಿರಾಕಿಗೆ ಬಿಟ್ಟುಕೊಟ್ಟಿದ್ದಾರೆ. ನನಗಾದರೋ ಇಲ್ಲಿ ಸ್ವಂತ ಮನೆಯಿದ್ದೂ ಲೋವೆಲನ್ನು ‘ನಮ್ಮೂರು’ ಎನ್ನಲು ಇಂದಿಗೂ ಬಾಯಿ ಬರುವುದಿಲ್ಲ.

ಕಳೆದ ವಾರ, ಗಲ್ಲಾದ ಪಕ್ಕ ಕುಳಿತು ರಟ್ಟಿನ ಪೆಟ್ಟಿಗೆಗಳನ್ನು ಮಡಚುತ್ತಿದ್ದ ಮಾಲೀಕರ ತಾಯಿಯನ್ನು ತಮ್ಮ ಊರು ಯಾವುದೆಂದು ಕೇಳಿದೆ. ಗ್ರೀಸಿನ ಯಾವುದೋ ಹಳ್ಳಿಯ ಹೆಸರನ್ನು ನಿರೀಕ್ಷಿಸಿದ್ದ ನನಗೆ ಆಕೆ ಕಿಟಕಿಯಾಚೆಯ ಬೀದಿಯನ್ನು ತೋರಿಸಿ, ನಿಮ್ಮದು ಯಾವುದೆಂದು ತಿರುಗಿ ಕೇಳಿದರು. ಹೊಸನಗರವೆಂದೆ. ಅದು ಎಲ್ಲಿದೆಯೆಂದು ವಿವರಿಸಿ ಮುಗಿಸುವಷ್ಟರಲ್ಲಿ ಪಿಜ್ಜಾ ಆರಿತ್ತು.