ಗ್ರಾಗರ್ ಸದ್ದು, ನಮ್ಮ ಹಲಗಿ ಸದ್ದು

ನಮ್ಮ ಕಾಮನ ಹುಣ್ಣಿಮೆ, ಯೆಹೂದಿಗಳ ಪುರಿಮ್ ಹಬ್ಬ ಎರಡೂ ಎಷ್ಟೋ ವರ್ಷ ಒಂದೇ ಹುಣ್ಣಿಮೆಗೆ ಬೀಳುತ್ತವೆ. 2025ರಲ್ಲಿ ಎರಡೂ ಮಾರ್ಚ್ 13–14ಕ್ಕೇ ಬಂದಿದ್ದವು. ಬಾಗಲಕೋಟೆ ಕಡೆಯವನಾದ ನಾನು ಈಗಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಹಲಗಿ ಸದ್ದಿಲ್ಲ, ಆದರೆ ಪುರಿಮ್ ದಿನ ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ, ಕೈಯಲ್ಲಿ ಹಿಡಿದು ಬೀಸುವ ಗ್ರಾಗರ್ ಅನ್ನುವ ಗಿರಕಿಯ ಕರ್ರ್ ಕರ್ರ್ ಸದ್ದು ಕಿವಿ ತುಂಬುತ್ತದೆ.

ಪರಿಚಯದವರ ಮನೆಯಲ್ಲಿ ಒಂದು ಹಳೆಯ ಮರದ ಗ್ರಾಗರ್ ಇದೆ. ಅಜ್ಜಿ ಪೋಲೆಂಡಿನಿಂದ ಬರುವಾಗ ತಂದದ್ದಂತೆ. ಹಿಡಿಯ ತುದಿಗೆ ಹಲ್ಲಿನ ಚಕ್ರ, ಅದರ ಸುತ್ತ ಚೌಕಟ್ಟು, ಚೌಕಟ್ಟಿನಲ್ಲಿ ತೆಳುವಾದ ಒಂದು ಮರದ ಪಟ್ಟಿ. ಹಿಡಿದು ಬೀಸಿದರೆ ಚೌಕಟ್ಟು ಸುತ್ತುತ್ತದೆ, ಪಟ್ಟಿ ಒಂದೊಂದೇ ಹಲ್ಲನ್ನು ಜಿಗಿಯುತ್ತಾ ಬಡಿಯುತ್ತದೆ. ಅಷ್ಟೇ ಯಂತ್ರ. ಹಿಡಿ ಸವೆದು ನುಣುಪಾಗಿದೆ, ಚಕ್ರದ ಹಲ್ಲುಗಳು ದುಂಡಗಾಗಿವೆ. ಪಟ್ಟಿ ಮಾತ್ರ ಬೇರೆ ಬಣ್ಣದ್ದು, ಮುರಿದಾಗ ಯಾರೋ ಹೊಸದು ಹಾಕಿದ್ದಾರೆ. ಮಕ್ಕಳು ಇವತ್ತಿಗೂ ಅದನ್ನೇ ಬೀಸುತ್ತಾರೆ.

ಪುರಿಮ್ ದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ, ತನ್ನ ಜನರನ್ನು ಉಳಿಸಿದ ಯೆಹೂದಿ ರಾಣಿ ಎಸ್ತೇರಳ ಕಥೆ ಓದುತ್ತಾರೆ. ಪರ್ಷಿಯಾದ ಯೆಹೂದಿಗಳನ್ನೆಲ್ಲ ಕೊಲ್ಲಿಸಲು ಹೊರಟ ಮಂತ್ರಿ ಹಾಮಾನ. ಅವನ ಹೆಸರು ಕಥೆಯಲ್ಲಿ 54 ಸಲ ಬರುತ್ತದೆ. ಬಂದಾಗಲೆಲ್ಲ ಆ ಹೆಸರು ಅಳಿಸಿಹೋಗಲಿ ಅಂತ ಗದ್ದಲ. ಹಿಂದೆ ಕಲ್ಲಿನ ಮೇಲೆ ಹೆಸರು ಬರೆದು, ಅಳಿಸುವ ತನಕ ಬಡಿಯುವ ರೂಢಿಯೂ ಇತ್ತು.

ನನಗೆ ತುಂಬಾ ಹಿಡಿಸಿದ್ದು ಆ ಗದ್ದಲ ನಿಲ್ಲುವ ಬಗೆ. ಕಥೆಯ ಒಂದು ಪದವೂ ಕಿವಿ ತಪ್ಪಬಾರದು ಅನ್ನುವುದು ಅವರ ಕಟ್ಟಳೆ. ಹಾಗಾಗಿ ಓದುವವರು ಸದ್ದು ಅಡಗುವವರೆಗೆ ಕಾಯುತ್ತಾರೆ. ನಾಲ್ಕು ವರ್ಷದ ಮಗುವೂ ಗ್ರಾಗರ್ ಕೆಳಗಿಳಿಸಿ, ಮುಂದಿನ ಹಾಮಾನನಿಗಾಗಿ ಕಿವಿ ನೆಟ್ಟು ಕೂರುತ್ತದೆ. ಮಕ್ಕಳಿಗೆ ಕಥೆ ಕೇಳಿಸಲು ಇದಕ್ಕಿಂತ ಒಳ್ಳೆ ದಾರಿ ಇದೆಯಾ?

ನಮ್ಮ ಸದ್ದಿನ ಭಾವ ಬೇರೆ. ಕಾಮ ಕೆಟ್ಟವನಲ್ಲ. ಲೋಕದ ಕೆಲಸಕ್ಕೆ ಹೋಗಿ ಶಿವನ ಕಣ್ಣಿಗೆ ಸುಟ್ಟುಹೋದವನು. ನಾವು ಲಬೋ ಲಬೋ ಅಂತ ಬಾಯಿ ಬಡಿದುಕೊಳ್ಳುವುದು ಅವನಿಗಾಗಿ ಅಳುವ ಅಳು. ಅವರದು ವೈರಿಯ ಹೆಸರು ಮುಳುಗಿಸುವ ಸದ್ದು, ನಮ್ಮದು ಸತ್ತವನನ್ನು ನೆನೆಯುವ ಸದ್ದು. ನಮ್ಮದೇನೂ ಕಡಿಮೆಯಲ್ಲ, ಅಲ್ವಾ? ಆದರೆ ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹೋಳಿ ಅಂದರೆ ಬಣ್ಣ ಮತ್ತು ಸ್ಪೀಕರ್ ಹಾಡು ಮಾತ್ರ. ಕಾಮನ ಕಥೆ ಹೇಳುವವರಿಲ್ಲ, ಹಲಗಿ ಮುಟ್ಟಿದ ಮಕ್ಕಳಿಲ್ಲ.

ಅವರಲ್ಲೂ ಪ್ಲಾಸ್ಟಿಕ್ ಗ್ರಾಗರ್ ಜಾಸ್ತಿಯಾಗಿವೆ, ಹಳೆಯವು ನ್ಯೂಯಾರ್ಕಿನ ಯೆಹೂದಿ ಮ್ಯೂಸಿಯಮ್ಮಿನಲ್ಲೂ ಇವೆ. ಕಾಪಾಡುವುದು ಸರಿ. ಆದರೂ ಪಟ್ಟಿ ಮುರಿದರೆ ಹೊಸದು ಹಾಕಿ ಮಗುವಿನ ಕೈಗೆ ಕೊಡುವ ಮನೆಯೇ ನನಗೆ ಹೆಚ್ಚು.

ಇಲ್ಲಿನ ನಮ್ಮ ಹೋಳಿ ಕೂಟಗಳಿಗೆ ಊರಿಂದ ಹಲಗಿ ತರಿಸೋಣ ಅನ್ನುವುದು ನನ್ನ ಮಾತು. ಥಂಡಿಗೆ ಚರ್ಮ ಸಡಿಲಾದರೆ ಬೆಂಕಿಗೆ ಕಾಯಿಸಿಕೊಂಡರಾಯಿತು. ಮೊದಲು ಮಕ್ಕಳನ್ನು ಕೂರಿಸಿ ರತಿ ಮನ್ಮಥರ ಕಥೆ ಹೇಳಬೇಕು. ಕಾಮ ಸುಟ್ಟಾಗ ಹಲಗಿ ಅವರ ಕೈಯಲ್ಲಿರಬೇಕು.